ನಾಲ್ಕು ಮೂಲೆಯ ಕುಂಕುಮ

ಪುರಾಣ ಓದುವವನು, ಶ್ಲೋಕವೆಲ್ಲ ಬಾಯಿಗೆ ಬರುತ್ತದೆಂದು, ಪುಸ್ತಕದಿಂದ ಕಣ್ಣು ತೆಗೆಯಕೂಡದು ಎಂಬುದು ನಮ್ಮ ಮನೆಯಲ್ಲಿ ನಡೆದುಬಂದ ನಿಯಮ. ಎಷ್ಟೇ ಪರಿಚಿತವಾದ ಅಧ್ಯಾಯವಾಗಲಿ, ಓದುವವನ ದೃಷ್ಟಿ ಪ್ರತಿಯೊಂದು ಅಕ್ಷರವನ್ನೂ ಮುಟ್ಟಿಕೊಂಡೇ ಮುಂದಕ್ಕೆ ಸಾಗಬೇಕು. ಬಾಯಿಪಾಠ ಒಪ್ಪಿಸುವುದಾದರೆ ಮನೆಯ ಜಗಲಿಯೇ ಸಾಕು, ವ್ಯಾಸಪೀಠದ ಮುಂದೆ ಕುಳಿತುಕೊಳ್ಳುವುದೇತಕ್ಕೆ ಎಂದು ನನ್ನ ತಂದೆಯವರು ಹೇಳುತ್ತಿದ್ದರು. ಪುಸ್ತಕವನ್ನು ಬಿಡಿಸಿಡುವ ಆ ಕತ್ತರಿಯಾಕಾರದ ಮರದ ಪೀಠ ಅವರಿಂದ ನನಗೆ ಬಂದಿದೆ. ಅದರ ಜೊತೆಯಲ್ಲಿ ಇನ್ನೊಂದೂ ಬಂದೀತೆಂಬ ಭಯದಲ್ಲಿ ನಾನು ಆಯುಷ್ಯದ ಬಹುಭಾಗವನ್ನು ಕಳೆದಿದ್ದೇನೆ.

ತಂದೆಯವರು ಚಿಂತಾಮಣಿ ಕಡೆಯ ಒಂದು ಹಳ್ಳಿಯ ದೇವಸ್ಥಾನದಲ್ಲಿ ಪುರಾಣ ಓದುತ್ತಿದ್ದರು. ಕೈವಾರಕ್ಕೆ ಹೊರಟ ಯಾತ್ರಿಕರು ಬಸ್ಸು ತಪ್ಪಿದರೆ ಬಂದು ಕುಳಿತು ಕೇಳುತ್ತಿದ್ದರು. ವಯಸ್ಸಾದ ಮೇಲೆ ಒಂದು ವರ್ಷ, ದೀಪದ ಸುತ್ತ ಬಣ್ಣದ ಬಳೆಯೊಂದು ಕಾಣುತ್ತದೆ ಎಂದು ಅವರು ಹೇಳತೊಡಗಿದರು. ಅದನ್ನು ದೇವರ ಪ್ರಭಾವಳಿಯೆಂದೇ ಭಾವಿಸಿ ಕೈಮುಗಿದರು, ಮನೆಯವರೂ ಕೈಮುಗಿದೆವು. ಆಮೇಲೆ ಎರಡು ಪಕ್ಕದ ಬೆಳಕು ಮುಚ್ಚಿಕೊಳ್ಳುತ್ತ ಬಂದು, ಕಡೆಗೆ ನಡುವಿನ ಬೆಳಕೂ ಹೋಯಿತು. ಆದರೂ ಅವರು ಓದುವುದನ್ನು ನಿಲ್ಲಿಸಲಿಲ್ಲ. ಪುಸ್ತಕ ಬಿಡಿಸುತ್ತಿದ್ದರು, ಬೆರಳಿಡುತ್ತಿದ್ದರು, ಸರಿಯಾದ ಸಮಯಕ್ಕೆ ಹಾಳೆ ತಿರುವುತ್ತಿದ್ದರು.

ಒಂದು ಸಂಜೆ ನಾನು ಪೀಠದ ಪಕ್ಕದಲ್ಲಿ ಕುಳಿತಿದ್ದೆ. ಗಾಳಿ ಬೀಸಿ ಹಾಳೆಗಳು ಹಿಂದಕ್ಕೆ ಮಗುಚಿಕೊಂಡು ಅಧ್ಯಾಯದ ಮೊದಲಿಗೆ ಬಂದು ನಿಂತವು. ತಂದೆಯವರ ಬಾಯಲ್ಲಿ ಅಧ್ಯಾಯದ ಕೊನೆಯ ಶ್ಲೋಕಗಳು ಬರುತ್ತಿದ್ದವು. ಬೆರಳು ಮಾತ್ರ ಮೊದಲ ಶ್ಲೋಕದ ಸಾಲಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ನಾನು ಸಭೆಯ ಕಡೆ ನೋಡಿದೆ. ಮುಂದೆ ಕುಳಿತವರೆಲ್ಲ ತಲೆ ತಗ್ಗಿಸಿದ್ದರು. ಅವರಿಗೆ ಗೊತ್ತಿತ್ತು. ಬಹಳ ದಿನಗಳಿಂದಲೇ ಗೊತ್ತಿತ್ತು. ಗೌರವದಿಂದ ಯಾರೂ ಬಾಯಿ ಬಿಟ್ಟಿರಲಿಲ್ಲ. ತಂದೆಯವರ ಕಣ್ಣು ಹೋದುದಕ್ಕಿಂತ ಆ ಮೌನಕ್ಕೆ ನಾನು ಹೆಚ್ಚು ಹೆದರಿದೆ. ಈಗಲೂ ಹೆದರುತ್ತೇನೆ.

ನಾನು ಶಿಡ್ಲಘಟ್ಟಕ್ಕೆ ಬಂದು ನೆಲೆಸಿ, ಸಂಸ್ಕೃತದ ಮೇಷ್ಟರ ಕೆಲಸದಿಂದ ನಿವೃತ್ತನಾಗಿ, ನಮ್ಮ ಬೀದಿಯ ದೇವಸ್ಥಾನದ ಮಂಟಪದಲ್ಲಿ ಪುರಾಣ ಓದುತ್ತಿದ್ದೇನೆ. ತಂದೆಯವರ ಪುಸ್ತಕ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಾಗ ಸೊಸೆ ಅದರ ಒಂದೊಂದು ಪುಟದ ಚಿತ್ರ ತೆಗೆದು ಲ್ಯಾಪ್‌ಟಾಪಿಗೆ ಹಾಕಿದಳು. ಅವಳಿಗೆ ರೇಷ್ಮೆಗೂಡಿನ ಮಾರುಕಟ್ಟೆಯ ಕಚೇರಿಯಲ್ಲಿ ಕೆಲಸ. ಬೆಳಗಿನಿಂದ ಕಂಪ್ಯೂಟರಿನ ಮುಂದೆಯೇ ಕುಳಿತಿರುತ್ತಾಳೆ. ಮಗ ಗೌರಿಬಿದನೂರಿನಲ್ಲಿ ಕಾಲೇಜು ಅಧ್ಯಾಪಕ. ಶನಿವಾರ ಬಂದು ಸೋಮವಾರ ಹೋಗುತ್ತಾನೆ. ಆದುದರಿಂದ ವಾರದ ದಿನಗಳಲ್ಲಿ ಮನೆಯಲ್ಲಿ ನಾವು ಮೂವರು: ನಾನು, ನನ್ನ ಹೆಂಡತಿ, ಸೊಸೆ.

ಮೊದಲ ದಿನ ನಾನು ಲ್ಯಾಪ್‌ಟಾಪನ್ನು ಒರೆಸಿ, ವ್ಯಾಸಪೀಠದ ಮೇಲಿಟ್ಟು, ಗ್ರಂಥಕ್ಕೆ ಮಾಡುವಂತೆಯೇ ಮುಂದೆ ತುಪ್ಪದ ದೀಪ ಹಚ್ಚಿ, ಪೂರ್ವಾಭಿಮುಖನಾಗಿ ಕುಳಿತೆ. ಬೆಳಗ್ಗೆ ಮನೆಯಲ್ಲಿ ಓದಿಕೊಂಡು ಸಿದ್ಧನಾಗುವುದು, ಸಂಜೆ ಮಂಟಪದಲ್ಲಿ ಓದುವುದು ನನ್ನ ಕ್ರಮ. ಪೂರ್ವಕ್ಕೆ ನಮ್ಮ ಮನೆಯ ದೊಡ್ಡ ಕಿಟಕಿಯಿದೆ. ಕೆಲವು ದಿನಗಳಲ್ಲಿಯೇ ಅಕ್ಷರಗಳು ಮಸುಕಾದವು. ಪುಟ ಬೂದಿ ಬಳಿದಂತೆ ಕಾಣುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒಂದು ಬೆಳಗ್ಗೆ ಶ್ಲೋಕದ ನಟ್ಟನಡುವೆ ಹಳದಿಯ ಉರಿಯೊಂದು ನಿಂತಿತ್ತು. ಅದರ ಸುತ್ತ ಒಂದು ಬಳೆ.

ನಾನು ಓದನ್ನು ನಿಲ್ಲಿಸಿದೆ. ಕೈಮುಗಿಯಲಿಲ್ಲ.

ಸೊಸೆ ಕಚೇರಿಗೆ ಹೊರಡುವ ಅವಸರದಲ್ಲಿದ್ದವಳು ಬಾಗಿಲಲ್ಲಿ ನಿಂತು ನೋಡಿ ನಕ್ಕುಬಿಟ್ಟಳು.

"ಮಾವಾ, ಹಿಂದ್ಗಡೆ ಸೂರ್ಯ, ಮುಂದ್ಗಡೆ ದೀಪ, ಮಧ್ಯ ಪಾಪ ಈ ಲ್ಯಾಪ್‌ಟಾಪು. ಹೀಗಿಟ್ಕೊಂಡ್ರೆ ಹದಿನಾರು ವರ್ಷದ್ ಹುಡುಗ್ರಿಗೂ ಕಾಣ್ಸಲ್ಲ."

"ಪೂರ್ವಕ್ಕೆ ಮುಖ ಮಾಡಿ ಓದೋದು ಪದ್ಧತಿ ಕಣಮ್ಮಾ."

"ಉತ್ತರಕ್ಕೂ ಮಾಡ್ಬೋದು ಅಂತ ನೀವೇ ಹೇಳಿದ್ರಲ್ಲ, ನಮ್ಮ ಗೃಹಪ್ರವೇಶದಲ್ಲಿ?"

ಅವಳು ಪೀಠವನ್ನು ಉತ್ತರಕ್ಕೆ ತಿರುಗಿಸಿದಳು. ಕಿಟಕಿ ನನ್ನ ಬಲಪಕ್ಕಕ್ಕೆ ಬಂದಿತು. ದೀಪವನ್ನು ಎತ್ತಿ ಲ್ಯಾಪ್‌ಟಾಪಿನ ಪರದೆಗಿಂತ ಹಿಂದಕ್ಕೆ, ಓರೆಯಾಗಿ ಇಟ್ಟಳು. ಶ್ಲೋಕದ ಮೇಲೆ ನಿಂತಿದ್ದ ಉರಿ ಇಲ್ಲವಾಯಿತು. ಅದು ನನ್ನ ದೀಪದ್ದೇ ಪ್ರತಿಬಿಂಬವಾಗಿತ್ತು. ಉರಿಯೇನೋ ಹೋಯಿತು, ಆದರೆ ಪಕ್ಕಕ್ಕೆ ಸರಿದ ದೀಪದ ಸುತ್ತ ಆ ಬಳೆ ಇನ್ನೂ ಇದೆಯೇ ಎಂದು ನೋಡಲು ನನಗೆ ಧೈರ್ಯ ಬರಲಿಲ್ಲ. ಅತ್ತ ತಿರುಗದೆ ಓದಲು ತೊಡಗಿದೆ.

ಅಂದಿನಿಂದ ಪರದೆಯನ್ನು ಕಣ್ಣಿಗೆ ಹಿತವಾಗಿಸುವುದು ನಮ್ಮ ಮನೆಯ ಒಂದು ವ್ರತದಂತೆ ನಡೆಯಿತು. ಪರದೆಯ ಪ್ರಕಾಶ ಕೋಣೆಯ ಬೆಳಕಿಗೆ ಸಮನಾಗಿರಬೇಕು, ಹೆಚ್ಚೂ ಇರಬಾರದು, ಕಡಿಮೆಯೂ ಇರಬಾರದು ಎಂದು ಸೊಸೆ ಕಲಿಸಿಕೊಟ್ಟಳು. ಬಿಳಿಯ ಕಾಗದವನ್ನು ಪರದೆಯ ಪಕ್ಕದಲ್ಲಿ ಹಿಡಿದು, ಎರಡೂ ಒಂದೇ ತೆರನಾಗಿ ಕಾಣುವವರೆಗೆ ಗುಂಡಿಯೊತ್ತುತ್ತಿದ್ದಳು. ನೆಲದ ಮೇಲಿನ ಪೀಠ ತಗ್ಗಾಗಿ ಕುತ್ತಿಗೆ ಬಾಗುತ್ತದೆಂದು ಪೀಠದ ಕೆಳಗೆ ಒಂದು ಮಣೆ ಇಟ್ಟೆವು. ನನ್ನ ಕನ್ನಡಕದಲ್ಲಿ ಓದುವ ಗಾಜು ಕೆಳಭಾಗದಲ್ಲಿದೆ. ಮಣೆಯಿಟ್ಟ ಮೇಲೆ ಅದರ ಮೂಲಕ ನೋಡಲು ಗಲ್ಲ ಎತ್ತಬೇಕಾಯಿತು. ಹೆಂಡತಿ ಬಾಗೇಪಲ್ಲಿಯ ಕಡೆಯವಳು. ಅವಳ ತವರಿನಲ್ಲಿ ತೆಲುಗೇ ಹೆಚ್ಚು. ಹಾಸ್ಯಕ್ಕೂ ಕೋಪಕ್ಕೂ ಅವಳಿಗೆ ಇಂದಿಗೂ ಆ ಧಾಟಿಯೇ ಬರುತ್ತದೆ.

"ಏಮಂಡೀ, ಅಷ್ಟು ಕತ್ತೆತ್ತಿ ಕೂತಿದ್ದೀರಲ್ಲಾ, ಮಳೆ ಬರತ್ತಾ ಅಂತ ನೋಡ್ತಿದೀರಾ?"

"ಓದ್ತಾ ಇದೀನಿ ಕಣೇ."

"ಓದೋರು ಹಿಂಗಾ ಇರ್ತಾರೆ? ಕೂಗೋಕೆ ಹೊರಟ ಹುಂಜ ಇದ್ದಂಗಿದೀರ."

ಕನ್ನಡಕದ ಅಂಗಡಿಯಲ್ಲಿ, ಪರದೆಯ ದೂರಕ್ಕೇ ಹೊಂದುವ ಬೇರೊಂದು ಕನ್ನಡಕ ಮಾಡಿಸಿದೆವು. ಕಣ್ಣನ್ನು ಒಳಗೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಅಂಗಡಿಯವರು ಹೇಳಿದರು. ಆಗಲಿ ಎಂದು ಬಂದೆ, ಹೋಗಲಿಲ್ಲ. ಅಕ್ಷರ ದೊಡ್ಡದಾಯಿತು. ದೊಡ್ಡದಾದಾಗ ಶ್ಲೋಕದ ಕೊನೆ ಪರದೆಯಿಂದ ಆಚೆ ಹೋಗುತ್ತಿತ್ತು. ಸೊಸೆ ಒಂದು ಪುಟವನ್ನು ಎರಡು ತುಂಡು ಮಾಡಿ, ಸಾಲು ಪೂರ್ತಿ ಕಾಣುವಂತೆ ಮಾಡಿಕೊಟ್ಟಳು. ಕಡೆಗೆ, ಬಿಳಿಯ ಹಾಳೆ ಕಣ್ಣಿಗೆ ಚುಚ್ಚುತ್ತದೆಂದು ನಾನು ಹೇಳಿದಾಗ, ಬಣ್ಣಗಳನ್ನು ತಿರುವುಮುರುವು ಮಾಡಿದಳು: ಕಪ್ಪು ಹಾಳೆಯ ಮೇಲೆ ಬೆಳ್ಳಗಿನ ಅಕ್ಷರ. ಹಲಗೆಯ ಮೇಲೆ ಬಳಪದಿಂದ ಬರೆಸಿಕೊಂಡು ಕಲಿತವನಿಗೆ ಅದು ಬಾಲ್ಯವೇ ಮರಳಿದಂತಾಯಿತು. ನೀರು ಸುರಿಯುವುದು ನಿಂತಿತು. ಮಂಟಪದಲ್ಲಿ ನನ್ನ ಕಂಠ ಮತ್ತೆ ತುಂಬಿ ಬಂದಿತು. ಕಣ್ಣಿಗೆ ಏನೂ ಆಗಿರಲಿಲ್ಲ, ಆದುದೆಲ್ಲ ಪರದೆಯ ದೋಷ ಎಂದು ನಾನು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಿತು. ಅದಕ್ಕೂ ಅದೇ ಬೇಕಾಗಿತ್ತು.

ಆ ನೆಮ್ಮದಿ ಮಳೆಗಾಲದವರೆಗೆ ಇತ್ತು.

ಮಂಟಪದಲ್ಲಿ ಒಂದು ಸಂಜೆ ಸ್ತುತಿಯ ಭಾಗ ಬಂದಿತ್ತು. ಒಂದು ಶ್ಲೋಕಕ್ಕೆ ಅರ್ಥ ಹೇಳುತ್ತ ಹೇಳುತ್ತ ನಾನು ಬಹಳ ಹೊತ್ತು ಸಭೆಯನ್ನೇ ನೋಡುತ್ತಿದ್ದೆ. ಮತ್ತೆ ಪರದೆಯ ಕಡೆ ತಿರುಗಿ ಮುಂದಿನ ಶ್ಲೋಕಗಳನ್ನು ಓದಿದೆ. ಓದಿದೆ ಎಂದೇ ಬರೆಯುತ್ತೇನೆ. ಏಕೆಂದರೆ ಕಪ್ಪು ಹಾಳೆಯ ಮೇಲೆ ಬೆಳ್ಳಗಿನ ಸಾಲುಗಳು ನನಗೆ ಕಂಡವು. ಹಾಳೆಯ ತಿರುವಿನಲ್ಲಿ ಬೆರಳಿಟ್ಟು ಗುಂಡಿಯೊತ್ತಿದಾಗ ಪರದೆ ಫಕ್ಕನೆ ಬೆಳಗಿತು. ಬೆಳಗಿದ ಮೇಲೆ ತಿಳಿಯಿತು, ಅದುವರೆಗೆ ಅದು ಆರಿತ್ತೆಂದು.

ಸಭೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ತಲೆ ತಗ್ಗಿಸಿದ್ದರು. ಭಕ್ತಿಯಿಂದಲೋ, ನಿದ್ರೆಯಿಂದಲೋ, ಇನ್ನಾವುದರಿಂದಲೋ ನನಗೆ ಗೊತ್ತಿಲ್ಲ. ನನ್ನ ಬೆರಳಿನ ಜಾಗದಲ್ಲಿ ತಂದೆಯವರ ಬೆರಳು ಕಂಡಂತಾಯಿತು.

ಮನೆಗೆ ಬರುವ ದಾರಿಯಲ್ಲಿ, ಮಂಟಪದಲ್ಲಿ ನನ್ನ ಪಕ್ಕಕ್ಕೆ ಕುಳಿತಿದ್ದ ಸೊಸೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಡೆಯುತ್ತಿದ್ದಳು. ಅವಳೇ ಬಾಯಿ ಬಿಟ್ಟಳು.

"ಮಾವಾ, ಮಧ್ಯದಲ್ಲಿ ಸ್ಕ್ರೀನ್ ಆಫ್ ಆಗಿತ್ತು."

"ಹೌದೇನಮ್ಮಾ?"

"ಮುಟ್ದೇ ಇದ್ರೆ ಅದೇ ಆಫ್ ಆಗತ್ತೆ. ಆ ಸೆಟ್ಟಿಂಗು ನಾನ್ ತೆಗೀಬೇಕಿತ್ತು, ಮರ್ತೆ. ನೀವು ನೋಡ್ದೇನೇ ಹೇಳ್ತಾ ಹೋದ್ರಿ. ಗೊತ್ತಾಗ್ಲಿಲ್ವಾ ನಿಮ್ಗೆ?"

ಅವಳು ಕೇಳಿದಳಲ್ಲ ಎಂಬುದೊಂದು ನನ್ನ ಮನಸ್ಸಿನಲ್ಲಿ ಉಳಿಯಿತು. ತಂದೆಯವರನ್ನು ಅಷ್ಟು ಕೇಳಿದವರು ಒಬ್ಬರೂ ಇರಲಿಲ್ಲ, ನಾನೂ ಕೇಳಿರಲಿಲ್ಲ.

ಪರದೆ ತಾನಾಗಿ ಆರದಂತೆ ಅವಳು ಅಂದೇ ಮಾಡಿದಳು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಹಾಳೆ ಕಪ್ಪು, ಆರಿದ ಪರದೆಯೂ ಕಪ್ಪು, ಮುಚ್ಚಿದ ಕಣ್ಣೂ ಕಪ್ಪು. ಮೂರರಲ್ಲಿ ಯಾವುದರ ಮುಂದೆ ಕುಳಿತಿದ್ದೇನೆಂದು ಹೇಳಲಾರದವನು ಪೀಠದ ಮುಂದೆ ಕುಳಿತಿರಬಹುದೇ? ಪ್ರತಿ ಬೆಳಗ್ಗೆ ಸಂಧ್ಯಾವಂದನೆಯಲ್ಲಿ ಸೂರ್ಯನಿಗೆ ಅರ್ಘ್ಯ ಕೊಡುವಾಗ, ಬೊಗಸೆಯಿಂದ ಬೀಳುವ ನೀರಿನ ಧಾರೆ ಪೂರ್ತಿ ಕಾಣುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದೆ. ಕಾಣುತ್ತಿತ್ತು. ಆದರೆ ಆ ಧಾರೆಯನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಕಾಣುತ್ತಿರುವುದು ನೀರೋ ಅಭ್ಯಾಸವೋ ಎಂಬ ಶಂಕೆ ಒಮ್ಮೆ ಹುಟ್ಟಿದ ಮೇಲೆ, ಕಾಣುವ ಯಾವುದನ್ನೂ ನಂಬುವುದು ಕಷ್ಟ.

ಆಯುಧಪೂಜೆ ಬಂದಿತು. ನಮ್ಮಲ್ಲಿ ಅಂದು ಪುಸ್ತಕಗಳ ಜೊತೆ ಲ್ಯಾಪ್‌ಟಾಪಿಗೂ ಪೂಜೆ. ಸೊಸೆಯ ಸ್ಕೂಟರು, ಅಡುಗೆಮನೆಯ ಮಿಕ್ಸಿ, ತರಕಾರಿ ಹೆಚ್ಚುವ ಈಳಿಗೆಮಣೆ, ಎಲ್ಲಕ್ಕೂ ಅರಿಶಿನ ಕುಂಕುಮ ಏರಿತು. ಹೆಂಡತಿ ತೆರೆದ ಲ್ಯಾಪ್‌ಟಾಪನ್ನು ವ್ಯಾಸಪೀಠದ ಮೇಲಿಟ್ಟು, ಪರದೆಯ ಚೌಕಟ್ಟಿಗೆ ಕುಂಕುಮದ ಬೊಟ್ಟುಗಳನ್ನಿಟ್ಟು, ಮೇಲೊಂದು ಸೇವಂತಿಗೆ ಏರಿಸಿದಳು. ನಾನು ಎದುರಿಗೆ ಕುಳಿತು ಪುಟದ ನಡುವಿನ ಸಾಲನ್ನು ನೋಡುತ್ತ ಧ್ಯಾನಶ್ಲೋಕ ಹೇಳುತ್ತಿದ್ದೆ. ಸಾಂಬ್ರಾಣಿಯ ಹೊಗೆ ಬಂದು ಎಡಗಣ್ಣಿಗೆ ಹೊಕ್ಕಿತು. ಉತ್ತರೀಯದ ತುದಿಯಿಂದ ಆ ಕಣ್ಣನ್ನು ಒತ್ತಿಹಿಡಿದೇ ಶ್ಲೋಕ ಮುಗಿಸಿದೆ. ಮುಗಿಸಿ ಹೆಂಡತಿಗೆ ಹೇಳಿದೆ:

"ಮೂರೇ ಇಟ್ಟಿದೀಯಲ್ಲೇ. ನಾಲ್ಕು ಮೂಲೆಗೂ ಇಡಬಾರದಿತ್ತೇ?"

"ನಾಲ್ಕೂ ಇಟ್ಟಿದೀನ್ರೀ."

"ಎಡಗಡೆ ಮೇಲ್ಗಡೆ ಎಲ್ಲಿದೆ?"

"ಅಯ್ಯೋ, ಅಲ್ಲೇ ಇದೆಯಲ್ಲಾ, ಎಲ್ಲಕ್ಕಿಂತ ದೊಡ್ಡದು ಅದೇ! ಹೂವಿನ ಪಕ್ಕ."

ಉತ್ತರೀಯ ತೆಗೆದೆ. ಎಡಗಣ್ಣು ತೆರೆಯಿತು. ನಾಲ್ಕು ಬೊಟ್ಟುಗಳೂ ಇದ್ದವು. ಎಡಮೇಲಿನದು ಎಲ್ಲಕ್ಕಿಂತ ದೊಡ್ಡದಾಗಿಯೇ ಇತ್ತು. ಸಾಲಿನ ಮೇಲಿಂದ ದೃಷ್ಟಿ ಕದಲಿಸದೆ ಎಡಗಣ್ಣನ್ನು ಮತ್ತೆ ಮುಚ್ಚಿದೆ. ಬೊಟ್ಟಿರಲಿಲ್ಲ. ಅದು ಇದ್ದ ಸ್ಥಳದಲ್ಲಿ ಕತ್ತಲೆ ಇದ್ದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲವೇನೋ. ಕತ್ತಲೆಯೂ ಇರಲಿಲ್ಲ. ಬೊಟ್ಟೇ ಇಡದ ಚೌಕಟ್ಟೊಂದು, ಯಾವ ಕೊರತೆಯೂ ಇಲ್ಲದಂತೆ, ಅಲ್ಲಿ ತುಂಬಿಕೊಂಡಿತ್ತು.

ತೆರೆದೆ, ಮುಚ್ಚಿದೆ, ತೆರೆದೆ. ಹೆಂಡತಿ ನನ್ನ ತಂದೆಯವರ ಕಡೆಯ ದಿನಗಳನ್ನು ನೋಡಿದ್ದವಳು. ಏನೊಂದನ್ನೂ ಕೇಳದೆ ಮಂಗಳಾರತಿಯ ತಟ್ಟೆಯನ್ನು ಕೆಳಗಿಟ್ಟು, ಸೊಸೆಯನ್ನು ಕೂಗಿದಳು.

ದಸರೆಯ ರಜೆ ಮುಗಿದ ಕೂಡಲೇ ಸೊಸೆ ರಜೆ ಹಾಕಿ ನನ್ನನ್ನು ಚಿಕ್ಕಬಳ್ಳಾಪುರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಹಿಪ್ಪುನೇರಳೆಯ ತೋಟಗಳನ್ನು ನೋಡುತ್ತಿದ್ದೆ. ಎದುರು ಸೀಟಿನ ಮಗುವೊಂದು ಆಟವೆಂದು ತಿಳಿದು ತಾನೂ ಹಾಗೆಯೇ ಮಾಡತೊಡಗಿತು. ಸೊಸೆ ನನ್ನ ಕೈಯನ್ನು ಮೆಲ್ಲನೆ ಕೆಳಗಿಳಿಸಿದಳು.

ಆಸ್ಪತ್ರೆಯಲ್ಲಿ ಒಂದು ಬಿಳಿಯ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ಕೂರಿಸಿದರು. ನಡುವಿನ ಒಂದು ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಿಯಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಎಡಗಣ್ಣಿಗೆ ಮಿನುಗುಗಳು ಮಳೆಯ ಮೊದಲ ಹನಿಗಳಂತೆ ಅಲ್ಲಲ್ಲಿ ಬಿದ್ದವು. ಬಲಗಣ್ಣಿನ ಸರದಿಯಲ್ಲಿ ದೀರ್ಘವಾದ ಮೌನಗಳಿದ್ದವು. ಯಂತ್ರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ಅದು ಬೆಳಕು ತೋರಿಸುತ್ತಿದೆ, ನನಗೆ ಕಾಣುತ್ತಿಲ್ಲ ಎಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿಬಿಡಲೇ ಎಂದು ಒಮ್ಮೆ ಅನ್ನಿಸಿತು. ತಂದೆಯವರು ಹಾಳೆ ತಿರುವುತ್ತಿದ್ದುದು ಹೀಗೆಯೇ ಇರಬೇಕು. ಬೆರಳನ್ನು ಬಿಗಿಹಿಡಿದು ಕುಳಿತೆ.

ಡಾಕ್ಟರು ನನ್ನ ಸೊಸೆಯ ವಯಸ್ಸಿನ ಹೆಣ್ಣುಮಗಳು. ನನಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕುಳಿತರು.

"ತಾತಾ, ಇದು ಗ್ಲಾಕೋಮಾ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗ್ತಾ ಬಂದಿದೆ. ಬಲಗಣ್ಣಲ್ಲಿ ಒಂದು ಭಾಗ ಹೋಗಿದೆ. ಎಡಗಣ್ಣು ಅದನ್ನ ಮುಚ್ಚಾಕ್ತಾ ಇತ್ತು, ಅದಕ್ಕೇ ನಿಮ್ಗೆ ಗೊತ್ತಾಗ್ಲಿಲ್ಲ. ನಿಮ್ಮ ಮನೇಲಿ ಯಾರಿಗಾದ್ರೂ ಇತ್ತಾ?"

"ನಮ್ಮ ತಂದೆಯವರಿಗೆ."

"ಅವರು ತೋರಿಸ್ಕೊಂಡಿದ್ರಾ?"

"ಅವರು ಅದಕ್ಕೆ ಕೈಮುಗಿದರು" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಹೋದುದು ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಬದುಕಿರುವವರೆಗೆ ಕಣ್ಣಿಗೆ ಹನಿ ಹಾಕಬೇಕು, ಕಾಲಕಾಲಕ್ಕೆ ಬಂದು ತೋರಿಸಬೇಕು ಎಂದರು. ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿದೆ. ಅದನ್ನು ಈಗಲೇ ಹೇಳಲಾಗುವುದಿಲ್ಲ ಎಂದರು. ಪರದೆ ನೋಡಿದ್ದರಿಂದ ಹೀಗಾಯಿತೇ ಎಂದು ಸೊಸೆ ಕೇಳಿದಳು. ಅವಳ ದನಿ ಸಣ್ಣದಾಗಿತ್ತು. ಅಲ್ಲ, ಪರದೆಗೂ ಇದಕ್ಕೂ ಸಂಬಂಧವಿಲ್ಲ, ದೊಡ್ಡ ಅಕ್ಷರದಲ್ಲಿ ಆರಾಮವಾಗಿ ಓದಲಿ ಎಂದು ಡಾಕ್ಟರು ಹೇಳಿದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ದಿನ ಅವಳೂ ಒಂದು ಭಯವನ್ನು ಹೊತ್ತಿದ್ದಳೆಂದು ನನಗೆ ಆಗ ತಿಳಿಯಿತು.

ಮನೆಗೆ ಬಂದು ನಾನು ಒಂದು ಹಟ ಹಿಡಿದೆ. ಅಕ್ಷರಗಳನ್ನು ಮೊದಲಿನಷ್ಟೇ ಸಣ್ಣದು ಮಾಡು, ಕಷ್ಟಪಟ್ಟು ಓದಿದರೆ ಕಣ್ಣು ಯಾವಾಗ ಸೋಲುತ್ತದೆಂದು ನನಗಾದರೂ ಗೊತ್ತಾಗುತ್ತದೆ ಎಂದೆ. ಸೊಸೆ ಒಪ್ಪಲಿಲ್ಲ.

"ನೀವು ಸಣ್ಣಕ್ಷರ ಇಟ್ಕೊಂಡ್ರೂ ಬಾಯಿಪಾಠಾನೇ ಹೇಳ್ತೀರ ಮಾವಾ. ನಿಮ್ಗೆ ಬರ್ದೇ ಇರೋ ಶ್ಲೋಕ ಆ ಪುಸ್ತಕದಲ್ಲಿ ಒಂದಾದ್ರೂ ಇದೆಯಾ?"

ಇರಲಿಲ್ಲ. ಅದೇ ನನ್ನ ಸಂಕಟವಾಗಿತ್ತು. ಗೊತ್ತಿಲ್ಲದುದನ್ನು ನೋಡಿದರೆ ಮಾತ್ರ ಕಣ್ಣಿನ ಪರೀಕ್ಷೆ. ನನಗೋ ಪೀಠದ ಮೇಲಿನದೆಲ್ಲ ಗೊತ್ತಿತ್ತು. ಆಗ, ಬಾಗಿಲಿಗೆ ಒರಗಿ ಹೂ ಕಟ್ಟುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು:

"ಬೊಟ್ಟು ನಾನಿಡ್ತೀನಿ. ಎಷ್ಟಿಡ್ತೀನಿ ಅಂತ ಹೇಳಲ್ಲ."

ಕಪ್ಪು ಹಾಳೆಯನ್ನು ಸೊಸೆ ತೆಗೆದುಬಿಟ್ಟಳು. ಈಗ ಪರದೆ ಹಳೆಯ ಕಾಗದದ ಬಣ್ಣದ್ದು, ತಿಳಿಹಳದಿ. ಆರಿದರೆ ಆರಿತೆಂದು ಯಾರಿಗಾದರೂ ತಿಳಿಯುತ್ತದೆ. ಮಂಟಪದಲ್ಲಿ ಅವಳು ಮುಂದಿನ ಸಾಲಿನಲ್ಲಿ, ಅದೇ ಪುಟವನ್ನು ಮೊಬೈಲಿನಲ್ಲಿ ತೆರೆದುಕೊಂಡು ಕುಳಿತಿರುತ್ತಾಳೆ. ತಪ್ಪಿದರೆ ಸಭೆಯ ನಡುವೆಯೇ ಹೇಳಬೇಕೆಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ. "ಹೇಳ್ತೀನಿ ಮಾವಾ, ಮೈಕಲ್ಲೇ ಹೇಳ್ತೀನಿ" ಎಂದಿದ್ದಾಳೆ. ಅವಳು ಹೇಳುವವಳೇ.

ಪ್ರತಿ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ, ಕಣ್ಣಿಗೆ ಹನಿ ಹಾಕಿಸಿಕೊಂಡು, ಉತ್ತರಾಭಿಮುಖವಾಗಿ ಪೀಠದ ಮುಂದೆ ಕುಳಿತುಕೊಳ್ಳುತ್ತೇನೆ. ದೀಪ ಓರೆಯಲ್ಲಿ ಉರಿಯುತ್ತಿರುತ್ತದೆ. ಹೆಂಡತಿ ನನ್ನ ಬೆನ್ನು ಆ ಕಡೆಗಿರುವಾಗಲೇ ಚೌಕಟ್ಟಿಗೆ ಕುಂಕುಮವಿಟ್ಟಿರುತ್ತಾಳೆ. ಒಂದು ದಿನ ಎರಡು, ಒಂದು ದಿನ ನಾಲ್ಕು, ಒಮ್ಮೊಮ್ಮೆ ಒಂದೂ ಇಲ್ಲ. ಬಲಗಣ್ಣಿನ ಕಳೆದುಹೋದ ಮೂಲೆ ನಮ್ಮಿಬ್ಬರಿಗೂ ಗೊತ್ತಿರುವುದರಿಂದ ಅದನ್ನು ಬಿಟ್ಟು ಎಣಿಸುತ್ತೇವೆ. ನಡುವಿನ ಸಾಲಿನ ಮೇಲೆ ದೃಷ್ಟಿ ನೆಟ್ಟು, ಒಂದು ಕಣ್ಣು ಮುಚ್ಚಿ ಹೇಳುತ್ತೇನೆ. ಇನ್ನೊಂದು ಮುಚ್ಚಿ ಹೇಳುತ್ತೇನೆ. ಲೆಕ್ಕ ತಪ್ಪಿದ ದಿನ ಡಾಕ್ಟರ ಬಳಿಗೆ. ಎಡಗಣ್ಣೂ ತಪ್ಪಿ, ನಡುವಿನ ಸಾಲೂ ಮಸುಕಾದ ದಿನ, ಪರದೆಯನ್ನು ನನ್ನ ಕೈಯಿಂದಲೇ ಮುಚ್ಚಿ ಪೀಠದಿಂದ ಏಳಬೇಕು. ಸಭೆ ತಲೆ ತಗ್ಗಿಸುವವರೆಗೆ ಕುಳಿತಿರಬಾರದು. ಅಷ್ಟನ್ನು ಭಗವಂತನ ಮುಂದೆ ನಿಶ್ಚಯಿಸಿಕೊಂಡಿದ್ದೇನೆ.

ಇಂದು ಬೆಳಗ್ಗೆಯೂ ಹಾಗೆಯೇ ಕುಳಿತೆ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ.

"ಎರಡು" ಎಂದೆ.

ಹೆಂಡತಿ ಕೂಡಲೇ ಉತ್ತರಿಸಲಿಲ್ಲ. ಕೈಗೆ ಅಂಟಿದ ಕುಂಕುಮವನ್ನು ಅವಳು ಒರೆಸಿಕೊಳ್ಳುತ್ತಿದ್ದಳೋ, ಬೊಟ್ಟುಗಳನ್ನು ತಾನೇ ಮತ್ತೊಮ್ಮೆ ನೋಡುತ್ತಿದ್ದಳೋ. ದೀಪದ ಬತ್ತಿ ಚಟ್ಟೆಂದಿತು. ನಾನು ಸಾಲಿನ ಮೇಲಿಂದ ದೃಷ್ಟಿ ಕದಲಿಸದೆ ಅವಳ ಮಾತಿಗಾಗಿ ಕಾಯುತ್ತ ಕುಳಿತೆ.

"ಎರಡೇರೀ" ಎಂದಳು. "ಓದಿ."